ಕಾರಿಡಾರ್ ಕಿಟಕಿ: ಚೌಕಟ್ಟು ಅಳೆಯಬೇಡಿ, ಗಾಳಿ ನುಗ್ಗುವ ಸಂದು ಅಳೆಯಿರಿ

ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಲ್ಲಿ ಮುಚ್ಚಿದ ಕಿಟಕಿ ಸೆಪ್ಟೆಂಬರ್‌ವರೆಗೆ ತೆರೆಯುವುದು ಅಪರೂಪ. ಲಾಡ್ಜ್, ಹಾಸ್ಟೆಲ್‌ಗಳ ಕಾರಿಡಾರಿನಲ್ಲಿ ಕೊಡೆ, ಚಪ್ಪಲಿಯ ನೀರು ಆರುವುದೇ ಇಲ್ಲ. ಗೋಡೆಯ ಬುಡಕ್ಕೆ ಬೂಷ್ಟು ಹತ್ತುತ್ತದೆ. ಹಸಿರು ಕಟ್ಟಡ ಕಟ್ಟಿಸುವವರೂ ಕೋಣೆಗಳ ಗಾಳಿ ಲೆಕ್ಕ ಹಾಕಿ ಕಾರಿಡಾರನ್ನು ಮರೆಯುತ್ತಾರೆ.

ಮೊದಲು ನೆಲ ಅಳೆಯಿರಿ. 60 ಅಡಿ ಉದ್ದ, 6 ಅಡಿ ಅಗಲ ಎಂದರೆ 360 ಚದರ ಅಡಿ. ಹಸಿರು ಕಟ್ಟಡಕ್ಕೆ ಪ್ರಮಾಣಪತ್ರ ಕೊಡುವ ಲೀಡ್ (LEED) ಪದ್ಧತಿಯ 4ನೇ ಆವೃತ್ತಿ ಅನುಸರಿಸುವ, ಗಾಳಿ ವ್ಯವಸ್ಥೆಯ ಅಮೆರಿಕನ್ ಮಾನದಂಡ ಆಶ್ರೇ (ASHRAE) 62.1–2010ರ ಪ್ರಕಾರ, ಕಿಟಕಿಯನ್ನೇ ನಂಬಿದರೆ ನೆಲದ ಶೇ 4ರಷ್ಟು, ಅಂದರೆ 14.4 ಚದರ ಅಡಿ ತೆರೆಯುವಂತಿರಬೇಕು.

ಎಡವುವುದು ಇಲ್ಲೇ. ಎರಡೂ ತುದಿಗೆ 4x3 ಅಡಿಯ ಸ್ಲೈಡಿಂಗ್ ಕಿಟಕಿ ಇಟ್ಟರೆ ನಕ್ಷೆಯಲ್ಲಿ 24 ಚದರ ಅಡಿ ಕಾಣುತ್ತದೆ. ಎರಡು ಗಾಜಿನ ಸ್ಲೈಡಿಂಗ್ ತೆರೆಯುವುದು ಅರ್ಧ, ಸಿಕ್ಕಿದ್ದು 12. ಅದೇ ಅಳತೆಯ, ಹಿಂಜಸ್ ಮೇಲೆ ಪೂರ್ತಿ ತೆರೆಯುವ ಕಿಟಕಿ ಹಾಕಿದ್ದರೆ ಕೊರತೆಯೇ ಇರುತ್ತಿರಲಿಲ್ಲ. ಸ್ಲೈಡಿಂಗೇ ಬೇಕೆಂದರೆ ಲಿಂಟಲ್ ಕೆಳಗೆ ಲೂವರ್ (ಓರೆ ಪಟ್ಟಿಗಳ ಗಾಳಿಕಿಂಡಿ) ಸೇರಿಸಿ. ಅದರಲ್ಲೂ ಪಟ್ಟಿಗಳ ನಡುವಿನ ಸಂದಷ್ಟೇ ಲೆಕ್ಕ: 2 ಅಡಿ ಉದ್ದ, ಒಂದೂವರೆ ಇಂಚಿನ 12 ಸಂದುಗಳಿಗೆ 3 ಚದರ ಅಡಿ. ಪಟ್ಟಿ ಹೊರಕ್ಕೆ ಇಳಿಜಾರಾಗಿರಲಿ.

ಒಂದೇ ತುದಿಗೆ ದೊಡ್ಡ ಕಿಟಕಿ ಇಟ್ಟು ಕೈತೊಳೆದುಕೊಳ್ಳುವಂತಿಲ್ಲ. ಒಂದೇ ಬದಿಯಿಂದ ಗಾಳಿ ಬರುವಾಗ ಕಿಟಕಿಯಿಂದ ಚಾವಣಿ ಎತ್ತರದ ಎರಡರಷ್ಟು ದೂರವೇ ಮಿತಿ. 10 ಅಡಿ ಎತ್ತರಕ್ಕೆ 20 ಅಡಿ. ಎದುರುಬದುರು ಇದ್ದರೆ ಐದರಷ್ಟು. ಮೆಟ್ಟಿಲ ಬೆಂಕಿತಡೆ ಬಾಗಿಲಿಗೆ ಇಟ್ಟಿಗೆ ಕೊಟ್ಟು ಗಾಳಿ ತರುವ ಉಪಾಯ ಬೇಡವೇ ಬೇಡ. ಬೆಂಕಿ ಬಿದ್ದರೆ ಹೊಗೆಗೆ ಅದೇ ದಾರಿ.

ಹಾಸನ ನಗರಕ್ಕೆ ಇಷ್ಟು ಸಾಕಾದೀತು. ಘಟ್ಟದ ಅಂಚಿನಲ್ಲಿ ಪಶ್ಚಿಮದ ಎರಚಲಿಗೆ ಕಿಟಕಿ ಮುಚ್ಚಲೇಬೇಕು. ಆಗ ಸಣ್ಣ ಫ್ಯಾನ್ ಕೂರಿಸಿ. ಕಾರಿಡಾರಿಗೆ ಚದರ ಅಡಿಗೆ 0.06 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಹೊರಗಾಳಿ ಬೇಕು, ನಮ್ಮ ಲೆಕ್ಕಕ್ಕೆ 21.6. ಆರಿಂಚಿನ ಫ್ಯಾನಿಗೇ ಅದು ಹೆಚ್ಚಲ್ಲ. ಮಳೆ ಹೊಡೆಯದ ಬದಿಯ ಲೂವರ್ ಬಳಿ, ಗಾಳಿ ಒಳಕ್ಕೆ ತಳ್ಳುವಂತೆ ಹಾಕಿಸಿ. ಹೊರಕ್ಕೆ ಎಳೆಯುವಂತೆ ಹಾಕಿದರೆ ಶೌಚಾಲಯದ ಗಾಳಿಯೂ ಕಾರಿಡಾರಿಗೆ ಬಂದೀತು.

ಪರೀಕ್ಷೆಗೆ ಊದುಬತ್ತಿ ಸಾಕು. ಹಚ್ಚಿ ಶೌಚಾಲಯದ ಬಾಗಿಲಡಿ ಹಿಡಿಯಿರಿ. ಹೊಗೆ ಒಳಕ್ಕೆ ಸೇದಿಕೊಂಡರೆ ಸರಿ. ನಿಮ್ಮ ಮುಖಕ್ಕೆ ಬಂದರೆ ಅಲ್ಲಿನ ಎಕ್ಸಾಸ್ಟ್ ಫ್ಯಾನ್ ಓಡುತ್ತಿದೆಯೇ ನೋಡಿ, ಬಾಗಿಲಡಿ ಮುಕ್ಕಾಲು ಇಂಚು ಕೊಯ್ಯಿಸಿ.