ಹಳೆಯ ಗೋಡೆ ಗಡಿಯಾರ: ಮೊದಲು ಕಿವಿ, ಆಮೇಲೆ ಕಣ್ಣು

ಹಳೆಯ ಗೋಡೆ ಗಡಿಯಾರ ನೋಡಲು ಹೋದಾಗ ನಾನು ಮೊದಲು ಕಣ್ಣು ಮುಚ್ಚಿಕೊಳ್ಳುತ್ತೇನೆ. ಲೋಲಕವನ್ನು ಸಣ್ಣಗೆ ತೂಗಿಬಿಡಿ ಅಂತ ಮಾರುವವರಿಗೆ ಹೇಳಿ, ಎರಡು ನಿಮಿಷ ಸುಮ್ನೆ ಕೇಳುತ್ತಾ ನಿಲ್ಲುತ್ತೇನೆ. ಟಿಕ್... ಟಾಕ್... ಟಿಕ್... ಟಾಕ್. ಅಂತರ ಎರಡೂ ಕಡೆ ಒಂದೇ ಇದೆಯಾ? ಇಲ್ಲಾ, ಟಿಕ್‌ಟಾಕ್... ಟಿಕ್‌ಟಾಕ್... ಅಂತ ಕುಂಟುತ್ತಿದೆಯಾ? ಕುಂಟುವ ಗಡಿಯಾರ ಹೆಚ್ಚು ಹೊತ್ತು ಓಡುವುದಿಲ್ಲ. ಆದರೆ ಕುಂಟಿದ ಮಾತ್ರಕ್ಕೆ ಅದು ಕೆಟ್ಟಿದೆ ಅಂತಲೂ ಅಲ್ಲ. ಈ ವ್ಯತ್ಯಾಸ ಕಿವಿಗೆ ಹತ್ತಲು ನನಗೆ ವರ್ಷಗಳೇ ಬೇಕಾದವು.

ಇದನ್ನು ನನಗೆ ಸರಿಯಾಗಿ ಕಲಿಸಿದ್ದು ಒಂದು ಯುಂಗ್‌ಹಾನ್ಸ್. ಅದು ಜರ್ಮನಿಯ ಶ್ರಾಂಬರ್ಗ್‌ನಲ್ಲಿ 1861ರಲ್ಲಿ ಶುರುವಾದ ಕಂಪನಿ. ನನ್ನ ಕೈಗೆ ಬಂದದ್ದು ಎಂಟು ದಿನಕ್ಕೊಮ್ಮೆ ಕೀ ಕೊಡುವ, ಗಂಟೆ ಹೊಡೆಯುವ ಗಡಿಯಾರ. 'ಎಲ್ಲ ರಿಪೇರಿ ಆಗಿದೆ' ಅಂದಿದ್ದರು ಮಾರಿದವರು. ಗೋಡೆಗೆ ಹಾಕಿದೆ, ನಾಲ್ಕು ನಿಮಿಷ ಓಡಿ ನಿಂತಿತು. ಮತ್ತೆ ತೂಗಿದೆ, ಮತ್ತೆ ನಿಂತಿತು. ಎಣ್ಣೆ ಕಮ್ಮಿಯಾಗಿದೆ ಅಂದುಕೊಂಡು ಎಣ್ಣೆ ಬಿಟ್ಟೆ. ಏನೂ ಆಗಲಿಲ್ಲ. ಕೊನೆಗೆ ಬೇಸರದಲ್ಲಿ ಪೆಟ್ಟಿಗೆಯ ಕೆಳತುದಿಯನ್ನು ಕೈಯಿಂದ ಎಡಕ್ಕೆ ತಳ್ಳಿದೆ. ಸುಮಾರು ಎರಡು ಬೆರಳಷ್ಟು ಸರಿದಾಗ ಸದ್ದು ತಟ್ಟನೆ ಸಮವಾಯಿತು. ಓಡುತ್ತಲೇ ಇತ್ತು!

ಲೋಲಕದ ಕಡ್ಡಿಯನ್ನು ಹಿಡಿದು ಆಚೀಚೆ ತಳ್ಳುವ ಒಂದು ತಂತಿ ಮೆಷಿನ್ನಿನ ಹಿಂದೆ ಇಳಿಬಿದ್ದಿರುತ್ತದೆ. ಅದಕ್ಕೆ ಕ್ರಚ್ ಅಂತಾರೆ. ಸಾಗಿಸುವಾಗ ಲೋಲಕ ತೆಗೆಯದೇ ಹೋದರೆ ಈ ತಂತಿ ಸ್ವಲ್ಪ ಬಗ್ಗುತ್ತದೆ. ಅಷ್ಟೇ ಸಾಕು ಕುಂಟಲು. ಪೆಟ್ಟಿಗೆಯ ಕೆಳತುದಿಯನ್ನು ಯಾವ ಕಡೆ ಸರಿಸಿದಾಗ ಸದ್ದು ಸಮವಾಯಿತೋ, ಕ್ರಚ್ಚನ್ನು ಅದೇ ಕಡೆಗೆ ಕೂದಲೆಳೆಯಷ್ಟು ಬಗ್ಗಿಸಬೇಕು. ಆಮೇಲೆ ಪೆಟ್ಟಿಗೆಯನ್ನು ನೆಟ್ಟಗೆ ಮಾಡಿ ಕೇಳಬೇಕು. ಮತ್ತೆ ಒಂದಿಷ್ಟು ಬಗ್ಗಿಸಬೇಕು. ನನಗೆ ಅವತ್ತು ಒಂದು ಗಂಟೆ ಹಿಡಿಯಿತು, ಈಗ ಹತ್ತು ನಿಮಿಷ ಸಾಕು. ಸರಿಯಾದ ಮೇಲೆ ಪೆಟ್ಟಿಗೆಯ ಕೆಳಗೆ ಗೋಡೆಯ ಮೇಲೆ ಪೆನ್ಸಿಲ್‌ನಿಂದ ಎರಡು ಚುಕ್ಕಿ ಇಡುತ್ತೇನೆ. ಒರೆಸುವಾಗ ಯಾರಾದರೂ ಸರಿಸಿಬಿಟ್ಟರೆ ಮತ್ತೆ ಜಾಗಕ್ಕೆ ತರಲು ಸುಲಭ.

ಅದರ ವಯಸ್ಸು ಗೊತ್ತಾದದ್ದೂ ಮೆಷಿನ್ನಿನ ಹಿಂದಿನಿಂದಲೇ. ಹಿತ್ತಾಳೆಯ ಹಿಂಬದಿ ತಟ್ಟೆಯ ಮೇಲೆ ಎಂಟು ಮೂಲೆಯ ನಕ್ಷತ್ರ, ಅದರೊಳಗೆ ಜೆ ಅಕ್ಷರ. ಪಕ್ಕದಲ್ಲಿ 'ಬಿ 08'. ಎ ಅಂದರೆ ವರ್ಷದ ಮೊದಲ ಅರ್ಧ, ಬಿ ಅಂದರೆ ಎರಡನೆಯದು. ಅಂದರೆ ಇದು 1908ರ ಎರಡನೇ ಅರ್ಧದ್ದು. ಡಯಲ್ ಮೇಲಿನ ಹೆಸರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಗಡಿಯಾರದಲ್ಲಿ ಬದಲಾಯಿಸಲು ತೀರಾ ಸುಲಭವಾದ ಭಾಗ ಅದೇ ಅಲ್ವಾ? ಹಿಂಬದಿ ತಟ್ಟೆಯ ಗುರುತು ಬದಲಾಯಿಸುವುದು ಅಷ್ಟು ಸುಲಭವಲ್ಲ. ಆದ್ದರಿಂದ ಮೆಷಿನ್ ಬಿಚ್ಚಿ ತೋರಿಸಲು ಒಪ್ಪದವರ ಹತ್ತಿರ ನಾನು ದುಬಾರಿ ಗಡಿಯಾರ ಕೊಳ್ಳುವುದಿಲ್ಲ.

ಹಾಗೆ ಬಿಚ್ಚಿ ನೋಡದೆ ಒಂದನ್ನು ಒಮ್ಮೆ ಕೊಂಡು ಬೇಸರಪಟ್ಟಿದ್ದೇನೆ. ನೋಡಲು ಬಲು ಚೆಂದ, ಎರಡೂ ಬದಿಯಲ್ಲಿ ಕಡೆದ ಕಂಬಗಳು, ತಲೆಯ ಮೇಲೆ ಕಿರೀಟದಂಥ ಕೆತ್ತನೆ. ಮನೆಗೆ ತಂದು ಡಯಲ್ ಬಿಚ್ಚಿದಾಗ ಹಿಂದಿನ ಹಲಗೆಯಲ್ಲಿ ನಾಲ್ಕು ಖಾಲಿ ಸ್ಕ್ರೂ ತೂತುಗಳು. ಈಗಿನ ಮೆಷಿನ್ ಕೂತದ್ದು ಬೇರೆ ನಾಲ್ಕು ತೂತುಗಳ ಮೇಲೆ. ಗಂಟೆ ಹೊಡೆಯುವ ಸುತ್ತಿಗೆ ಗಾಂಗಿನ, ಅಂದರೆ ಅದು ಬಡಿದು ಸದ್ದು ಮಾಡುವ ಲೋಹದ ತುಂಡಿನ, ನಡುವಿಗೆ ಬೀಳದೆ ಅಂಚಿಗೆ ಸವರುತ್ತಿತ್ತು. ಕೀ ಹಾಕುವ ತೂತಿನೊಳಗೆ ಕೀ ಕೂರುವ ಕಡ್ಡಿ ಒಂದು ಮಗ್ಗುಲಿಗೆ ಸರಿದಿತ್ತು. ಒಂದು ಗಡಿಯಾರದ ಪೆಟ್ಟಿಗೆ, ಇನ್ನೊಂದರ ಮೆಷಿನ್! ಸಂಗ್ರಹಕಾರರು ಇದಕ್ಕೆ ಮದುವೆ ಅಂತಲೇ ಅನ್ನುತ್ತಾರೆ. ಗೋಡೆಗೆ ಚೆಂದ ಕಾಣಲಿ ಅಂತ ಕೊಳ್ಳುವವರಿಗೆ ಅಡ್ಡಿಯಿಲ್ಲ. ಆದರೆ ಹಾಗಂತ ಹೇಳಿ ಮಾರಬೇಕು. ಈಗ ಸ್ಕ್ರೂಗಳ ತಲೆಯನ್ನೂ ನೋಡುತ್ತೇನೆ. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. 1890ರ ಗಡಿಯಾರದಲ್ಲಿ ಅದು ಕಂಡರೆ ಆಮೇಲೆ ಯಾರೋ ಕೈ ಹಾಕಿದ್ದಾರೆ ಅಂತ ಲೆಕ್ಕ.

ಇನ್ನು ಸವೆತ. ಹಲ್ಲುಚಕ್ರಗಳ ಅಚ್ಚಿನ ತುದಿಗಳು ಹಿತ್ತಾಳೆ ತಟ್ಟೆಯ ತೂತುಗಳಲ್ಲಿ ತಿರುಗುತ್ತವೆ. ಹಳೆಯ ಎಣ್ಣೆ ಅಂಟಾಗಿ, ಅದಕ್ಕೆ ಧೂಳು ಸೇರಿ, ಉಜ್ಜುವ ಪುಡಿಯ ಹಾಗೆ ಕೆಲಸ ಮಾಡುತ್ತದೆ. ದುಂಡಗಿದ್ದ ತೂತು ನಿಧಾನವಾಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ತೂತಿನ ಸುತ್ತ ಕಪ್ಪು, ಹಸಿರು ಕೆಸರು ಕಂಡರೆ ಅದರ ಮೇಲೆ ಕಣ್ಣಿಡಿ. ಚಕ್ರವನ್ನು ಬೆರಳಲ್ಲಿ ಮೆಲ್ಲಗೆ ಆಚೀಚೆ ಒತ್ತಿ ನೋಡಿ. ಅಚ್ಚಿನ ತುದಿ ತೂತಿನೊಳಗೆ ಜಾಗ ಬದಲಿಸಿದರೆ ಅಲ್ಲಿ ಬುಶ್, ಅಂದರೆ ಸವೆದ ತೂತನ್ನು ಮತ್ತೆ ದುಂಡಗಾಗಿಸುವ ಸಣ್ಣ ಲೋಹದ ಬಳೆ, ಹಾಕಲೇಬೇಕು. ನನ್ನ ಯುಂಗ್‌ಹಾನ್ಸ್‌ಗೆ ಮೂರು ಕಡೆ ಹಾಕಬೇಕಾಯಿತು. ಎಣ್ಣೆಯ ವಿಷಯದಲ್ಲಿ ನನ್ನ ನಿಯಮ ಇಷ್ಟೇ: ಅಚ್ಚಿನ ತುದಿಗೆ ಸೂಜಿ ಮೊನೆಯಲ್ಲಿ ನಿಲ್ಲುವಷ್ಟು, ಹಲ್ಲುಗಳಿಗೆ ಬೇಡವೇ ಬೇಡ. ಅಡುಗೆ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಹತ್ತಿರಕ್ಕೂ ತರಬಾರದು, ಗಡಿಯಾರದ ಎಣ್ಣೆಯೇ ಬೇಕು.

ಬಿಚ್ಚುವ ಮೊದಲು ಸ್ಪ್ರಿಂಗಿನ ಬಿಗಿ ಇಳಿಸಲೇಬೇಕು. ನಾನಿದನ್ನು ನೋವುಂಡು ಕಲಿತೆ. ಸಾಮಾನ್ಯ ಕೀ ಹಿಡಿದುಕೊಂಡೇ ಹಲ್ಲಿಗೆ ಕೊಂಡಿಯಾಗಿರುವ ತುಂಡನ್ನು ಎತ್ತಿದೆ. ಕೀ ರಪ್ಪನೆ ತಿರುಗಿ ಹೆಬ್ಬೆರಳಿಗೆ ಬಡಿಯಿತು, ಉಗುರು ಕಪ್ಪಾಗಿ ಎರಡು ತಿಂಗಳು ಹಾಗೇ ಇತ್ತು. ದುಂಡು ಹಿಡಿಕೆಯ ಉಪಕರಣ ಸಿಗುತ್ತದೆ. ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದು, ಸ್ವಲ್ಪ ಸ್ವಲ್ಪವೇ ಜಾರಲು ಬಿಟ್ಟರೆ ಸ್ಪ್ರಿಂಗ್ ಶಾಂತವಾಗಿ ಬಿಚ್ಚಿಕೊಳ್ಳುತ್ತದೆ. ಅದಿಲ್ಲದೆ ಮೆಷಿನ್ ತೆರೆಯಬೇಡಿ ಅಂತ ಕೈ ಮುಗಿದು ಹೇಳುತ್ತೇನೆ.

ಇನ್ನೊಂದು ನಷ್ಟ ಕಾಗದದ ಡಯಲ್‌ನಲ್ಲಿ ಆಯಿತು. ಒದ್ದೆ ಬಟ್ಟೆಯಲ್ಲಿ ಹಗುರವಾಗಿ ಒಂದೇ ಸಲ ಒರೆಸಿದೆ. ಆರರ ಹತ್ತಿರದ ನಿಮಿಷದ ಗೆರೆಗಳು ಬಟ್ಟೆಗೆ ಬಂದವು. ಆ ಡಯಲ್ ಇವತ್ತಿಗೂ ಹಾಗೇ ಇದೆ, ಹೊಸದು ಹಾಕಲು ಮನಸ್ಸಾಗಲಿಲ್ಲ. ಅಂದಿನಿಂದ ಕಾಗದಕ್ಕೂ ಬಣ್ಣದ ತಗಡಿಗೂ ಒಣ ಮೃದು ಬ್ರಷ್ ಮಾತ್ರ.

ಹೊಸಬರು ಜಾಸ್ತಿ ಹೆದರುವುದು ಗಂಟೆ ತಪ್ಪಾಗಿ ಹೊಡೆದಾಗ. ಮೂರು ತೋರಿಸಿ ಏಳು ಹೊಡೆಯುತ್ತದೆ, ಕೆಟ್ಟಿದೆ ಅಂತ ಕಮ್ಮಿ ಬೆಲೆಗೆ ಕೊಟ್ಟುಬಿಡುತ್ತಾರೆ. ಎಷ್ಟೋ ಗಡಿಯಾರಗಳಲ್ಲಿ, ಅದರಲ್ಲೂ ಅಮೆರಿಕದ ಹಳೆಯವುಗಳಲ್ಲಿ, ಪೆಟ್ಟುಗಳನ್ನು ಎಣಿಸುವುದು ಅಂಚಿನಲ್ಲಿ ಕಚ್ಚುಗಳಿರುವ ಒಂದು ಚಕ್ರ. ಒಂದು ಕಚ್ಚಿನಿಂದ ಇನ್ನೊಂದಕ್ಕೆ ದೂರ ಹೆಚ್ಚುತ್ತಾ ಹೋಗುತ್ತದೆ. ಒಂದರಿಂದ ಹನ್ನೆರಡರವರೆಗೆ ಒಟ್ಟು 78 ಪೆಟ್ಟು. ಅರ್ಧ ಗಂಟೆಗೂ ಒಂದೊಂದು ಹೊಡೆದರೆ 90. ಮುಳ್ಳು ಎಲ್ಲಿದೆ ಅನ್ನುವುದು ಆ ಚಕ್ರಕ್ಕೆ ಗೊತ್ತೇ ಇರುವುದಿಲ್ಲ, ತನ್ನ ಸರದಿ ಮಾತ್ರ ಅದಕ್ಕೆ ಗೊತ್ತು. ಗಂಟೆಯ ಸ್ಪ್ರಿಂಗ್ ಮುಗಿದು ಸಮಯದ್ದು ಓಡುತ್ತಾ ಇದ್ದರೆ ಎರಡೂ ತಾಳ ತಪ್ಪುತ್ತವೆ. ನಾನು ಮಾಡುವುದು ಇಷ್ಟೆ: ಏಳು ಹೊಡೆಯಿತಾ? ಚಿಕ್ಕ ಮುಳ್ಳು ಬಿಗಿಯಾಗಿ ಕೂತಿರುತ್ತದೆ ಅಷ್ಟೆ, ಅದನ್ನು ಬೆರಳಲ್ಲಿ ಮೆಲ್ಲಗೆ ಏಳಕ್ಕೆ ತಿರುಗಿಸುತ್ತೇನೆ. ನಂತರ ದೊಡ್ಡ ಮುಳ್ಳನ್ನು ಮುಂದಕ್ಕೆ ಮಾತ್ರ ತಿರುಗಿಸುತ್ತಾ, ಪ್ರತಿ ಸಲ ಪೂರ್ತಿ ಹೊಡೆಯಲು ಬಿಟ್ಟು, ಸರಿಯಾದ ಸಮಯಕ್ಕೆ ತರುತ್ತೇನೆ.

ಸಮಯ ಹೊಂದಿಸುವುದು ತಾಳ್ಮೆಯ ಕೆಲಸ. ಕ್ರಿಸ್ಟಿಯಾನ್ ಹೈಗನ್ಸ್ 1656ರಲ್ಲಿ ಮೊದಲ ಲೋಲಕದ ಗಡಿಯಾರ ರೂಪಿಸಿದ ದಿನದಿಂದ ತತ್ವ ಬದಲಾಗಿಲ್ಲ: ಉದ್ದ ಲೋಲಕ ನಿಧಾನ, ಗಿಡ್ಡ ಲೋಲಕ ಬೇಗ. ಸೆಕೆಂಡಿಗೊಂದು ಸಲ ಟಿಕ್ ಅನ್ನುವ ಲೋಲಕ ಸುಮಾರು 99.4 ಸೆಂಟಿಮೀಟರ್ ಇರುತ್ತದೆ. ಗೋಡೆ ಗಡಿಯಾರಗಳಲ್ಲಿ ಹೆಚ್ಚಿನವು ಇದಕ್ಕಿಂತ ಬಹಳ ಗಿಡ್ಡ. ಸುಮಾರು 25 ಸೆಂಟಿಮೀಟರ್ ಲೋಲಕದಲ್ಲಿ ಒಂದು ಮಿಲಿಮೀಟರ್ ಬದಲಾದರೆ ದಿನಕ್ಕೆ ಹತ್ತಿರ ಹತ್ತಿರ ಮೂರು ನಿಮಿಷ ವ್ಯತ್ಯಾಸ. ಅದಕ್ಕೇ ತೂಕದ ಕೆಳಗಿನ ನಟ್ಟನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಒಂದು ದಿನ ಕಾಯುತ್ತೇನೆ. ಸ್ಪ್ರಿಂಗ್ ಪೂರ್ತಿ ಬಿಗಿಯಾದಾಗ ಇರುವ ವೇಗ ವಾರದ ಕೊನೆಗೆ ಇರುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಅದೇ ದಿನ ಕೀ ಕೊಟ್ಟು, ಅವತ್ತಿನ ಲೆಕ್ಕವನ್ನು ಹಿಂದಿನ ವಾರದ ಜೊತೆ ಹೋಲಿಸುತ್ತೇನೆ. ದಿನದಿನದ್ದು ನೋಡುತ್ತಾ ಕೂತರೆ ನಟ್ಟು ತಿರುಗಿಸುತ್ತಲೇ ಇರಬೇಕಾಗುತ್ತದೆ.

ಯುಂಗ್‌ಹಾನ್ಸ್ ಬಿಚ್ಚಿದಾಗ ತಟ್ಟೆಯ ಒಳಮೈಯಲ್ಲಿ ಮೊನೆಯಿಂದ ಕೆರೆದ ಎರಡು ಗುರುತು ಕಂಡವು. ಹಿಂದೆ ರಿಪೇರಿ ಮಾಡಿದ ಇಬ್ಬರು ಬೇರೆ ಬೇರೆ ಕಾಲದಲ್ಲಿ ತಮ್ಮ ಹೆಸರಿನ ಮೊದಲಕ್ಷರ ಬರೆದಿದ್ದರು. ಭೂತಗನ್ನಡಿ ಹಿಡಿದು ನೋಡುತ್ತಾ ಎಷ್ಟೋ ಹೊತ್ತು ಕೂತಿದ್ದೆ. ನಾನು ಹಿತ್ತಾಳೆಯ ಮೇಲೆ ಏನೂ ಕೆರೆಯಲಿಲ್ಲ. ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ಲಕೋಟೆ ಇಟ್ಟಿದ್ದೇನೆ. ಯಾವ ಮೂರು ತೂತಿಗೆ ಬುಶ್ ಹಾಕಿದ್ದು, ಯಾವ ಎಣ್ಣೆ, ಯಾವ ತಾರೀಖು ಎಲ್ಲ ಅದರಲ್ಲಿ ಬರೆದಿದೆ. ಬಿಚ್ಚಿ ತೆಗೆದ ಹಳೆಯ ಉಕ್ಕಿನ ಪಟ್ಟಿ, ಲೋಲಕ ಇಷ್ಟು ವರ್ಷ ನೇತಾಡಿದ್ದು, ಅದೂ ಅದರಲ್ಲೇ ಇದೆ.