ಬೇಡುವ ಮೊದಲು ದೇವರ ಒಂದು ಗುಣ

'ದೇವರ ಗುಣಗಳನ್ನು ಓದ್ತಾ ಕೂತರೆ ತಲೆ ತುಂಬುತ್ತೆ ಬ್ರದರ್, ಆರಾಧನೆ ಆಗಲ್ಲ' ಅಂತ ನಮ್ಮ ಸಭೆಯ ಹಿರಿಯರು ಅಂದಿದ್ದರು. ಎರಡು ವರ್ಷದ ಮೇಲಾಯಿತು, ನನ್ನ ಬೆಳಗಿನ ಆರಾಧನೆ ನಿಂತಿಲ್ಲ. ಅದೇ ಹಿರಿಯರು ಮೊನ್ನೆ ಕೂತು ಎಲ್ಲ ಬರೆದುಕೊಂಡು ಹೋದರು.

ಮುಂಚೆ ಎಷ್ಟು ಖರ್ಚು ಮಾಡಿದ್ದೆ! ಹಾಡಿದರೆ ಮನಸ್ಸು ನಿಲ್ಲುತ್ತೆ ಅಂತ ಕೀಬೋರ್ಡ್ ತಂದೆ, 12 ಸಾವಿರದ ಹತ್ತಿರ. ಬೆಂಗಳೂರಿನ ಉಪವಾಸ ಕೂಟಗಳಿಗೆ ಬಸ್ಸು, ಊಟ, ಕಾಣಿಕೆ ಸೇರಿ ಇನ್ನೊಂದು 7-8 ಸಾವಿರ. ಬಂದ ವಾರ ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಒಣಗು. ದಾವಣಗೆರೆ ಎಪಿಎಂಸಿಯಲ್ಲಿ ನನ್ನದು ಮೆಕ್ಕೆಜೋಳದ ದಲಾಲಿ. ಸುಗ್ಗಿಯಲ್ಲಿ ಮಾಲು ಜಾಸ್ತಿ ಬಂದು ರೇಟು ಬಿದ್ದರೆ ನನ್ನ ಸ್ತೋತ್ರವೂ ಬೀಳುತ್ತಿತ್ತು.

ದಾರಿ ಸಿಕ್ಕಿದ್ದು ಬೈಬಲಿನ ವಿಮೋಚನಕಾಂಡ 34ನೇ ಅಧ್ಯಾಯದಲ್ಲಿ. 6, 7ನೇ ವಚನದಲ್ಲಿ ತಾನು ಎಂಥವನೆಂದು ದೇವರೇ ಹೇಳುತ್ತಾನೆ: ಕನಿಕರ, ದೀರ್ಘಶಾಂತಿ, ನಂಬಿಗಸ್ತಿಕೆ, ಅಪರಾಧವನ್ನು ಸುಮ್ನೆ ಬಿಡದ ನ್ಯಾಯ. 8ರಲ್ಲಿ ಮೋಶೆ ತಕ್ಷಣ ನೆಲಕ್ಕೆ ಬಾಗುತ್ತಾನೆ. ಬೇಡಿಕೆ ಬರುವುದು 9ರಲ್ಲಿ. ಅದೇ ಕ್ರಮ ಹಿಡಿದೆ. ವಾರಕ್ಕೆ ಒಂದೇ ಗುಣ. ಅದಕ್ಕೆ ಬಾಗಿದ ಮೇಲೆಯೇ ಬೇಡಿಕೆ.

ರೇಟು ಕುಸಿದ ವಾರ ಮಲಾಕಿಯ 3:6 ತೆಗೆದೆ. ಆತನು ಬದಲಾಗುವವನಲ್ಲ. ಅಂಗಡಿಯಲ್ಲಿ ಏನೂ ಸರಿಹೋಗಿರಲಿಲ್ಲ, ಆದರೂ ಬಾಯಲ್ಲಿ ಸ್ತೋತ್ರ ಬಂತು.

ಕೀರ್ತನೆ 139 ಜಾಸ್ತಿ ಕಾಡಿತು. ಎಲ್ಲವನ್ನೂ ಬಲ್ಲವನ ಮುಂದೆ ಸಿಂಗರಿಸಿದ ಪ್ರಾರ್ಥನೆ ನಡೆಯಲ್ಲ, ಅಲ್ವಾ? ಉದ್ದುದ್ದ ಮಾತು ತಾನಾಗಿಯೇ ಕಡಿಮೆಯಾಯಿತು. ಅದೇ ವಾರ ಅಂಗಡಿಯ ತೂಕದ ಕಾಟಾ ಮತ್ತೆ ಚೆಕ್ ಮಾಡಿಸಿದೆ, ಸುಮಾರು 600 ರೂಪಾಯಿ ಹೋಯಿತು. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅನ್ನುತ್ತೆ ಜ್ಞಾನೋಕ್ತಿ 11:1. ನನ್ನ ಲೆಕ್ಕದಲ್ಲಿ ಅದೂ ಆರಾಧನೆಯೇ. ಯೆಶಾಯ 6ರ ಪರಿಶುದ್ಧತೆಯ ವಾರದಲ್ಲಿ ಹಾಡು ಬೇಡ, ಮೊಣಕಾಲೂರಿ ಸುಮ್ಮನಿದ್ದರೆ ಸಾಕು.

ಮಕ್ಕಳ ಜೊತೆ ಇನ್ನೊಂದು ಪ್ರಯತ್ನ ಮಾಡಿದೆ. ಕೀರ್ತನೆ 136ರ 26 ವಚನಕ್ಕೂ ಒಂದೇ ಪಲ್ಲವಿ, ಆತನ ಕೃಪೆ ಶಾಶ್ವತವೆಂದು. ನಾನು ಮೊದಲರ್ಧ ಓದಿದೆ, ಅವರು ಪಲ್ಲವಿ ಹೇಳಿದರು. ಮುಗಿದ ಮೇಲೆ ಪರೀಕ್ಷೆ, ಅಜ್ಜಿಯ ಮಂಡಿನೋವು, ಹೊಸ ಸೈಕಲ್ಲು ಎಲ್ಲ ಸೇರಿಸಿ ಅವರೇ ಮುಂದುವರಿಸಿದರು. ರಾತ್ರಿ ಊಟ ತಡವಾಯಿತು.

ಒಂದು ತಿಂಗಳು ಪ್ರೀತಿಯೊಂದನ್ನೇ ಹಿಡಿದು ನೋಡಿದೆ. ಮನಸ್ಸು ಸಡಿಲವಾಯಿತು. ಅದಕ್ಕೇ ಈಗ ಪ್ರೀತಿಯ ಮುಂದಿನ ವಾರ ನ್ಯಾಯ ಬರಲೇಬೇಕು. ಆ ನ್ಯಾಯದ ವಾರ ಹೇಗೆ ನಡೆಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ಎದುರು ಕೂತು ಹೇಳಬೇಕಾದದ್ದು, ಭಾನುವಾರ ಆರಾಧನೆ ಮುಗಿದ ಮೇಲೆ ಕೇಳಿ.