ಒಂದು ಕಿಲೋ ಮೆಕ್ಕೆಜೋಳ ಎಲ್ಲಿ ಹೋಯಿತು?

ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ಲಿನ ತಂತ್ರಾಂಶ ಬರೆದುಕೊಟ್ಟಿದ್ದೆ. ತೂಕ 2.675 ಕ್ವಿಂಟಲ್. ಎರಡು ದಶಾಂಶಕ್ಕೆ ಇಳಿಸಿದಾಗ ಬಿಲ್ಲಿನಲ್ಲಿ 2.67, ಗುಮಾಸ್ತರ ಪುಸ್ತಕದಲ್ಲಿ 2.68. “ಒಂದು ಕಿಲೋ ನಿನ್ನ ಕಂಪ್ಯೂಟರ್ ತಿಂದಿತೇನಪ್ಪಾ?” ಎಂದರು.

ದಶಾಂಶ ಇಳಿಸುವ ರೌಂಡ್ ಫಂಕ್ಷನ್ ನಿರಪರಾಧಿ. ಫ್ಲೋಟ್, ಅಂದರೆ ಪೈಥಾನ್‌ನ ಮಾಮೂಲಿ ದಶಾಂಶ ಸಂಖ್ಯೆಗಳು, ದ್ವಿಮಾನದಲ್ಲಿ (ಬರೀ 0, 1ಗಳಲ್ಲಿ) ಕೂರುತ್ತವೆ, 2.675 ಅಲ್ಲಿ ನಿಖರವಾಗಿ ಹಿಡಿಸದೆ 2.67499999… ಆಗಿಬಿಡುತ್ತದೆ. ನಮ್ಮಂತೆ ಹತ್ತರ ಲೆಕ್ಕದಲ್ಲೇ ಸಂಖ್ಯೆ ಇಡುವ ಡೆಸಿಮಲ್‌ಗೆ ಬದಲಾಯಿಸಿದೆ. ಆದರೂ ಅದೇ 2.67! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಫ್ಲೋಟನ್ನೇ ಡೆಸಿಮಲ್‌ಗೆ ಕೊಟ್ಟಿದ್ದೆ, ಹುಳುಕು ಬೀಜವನ್ನೇ ಹೊಸ ಹೊಲಕ್ಕೆ ಬಿತ್ತಿದಂತೆ. '2.675' ಎಂದು ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ರೂಪದಲ್ಲಿ ಕೊಟ್ಟಾಗ 2.68 ಬಂತು.

ಮತ್ತೊಂದು ಕೊಕ್ಕೆ: 2.665 ಮಾತ್ರ 2.66 ಆಗುತ್ತಿತ್ತು. ಡೆಸಿಮಲ್‌ನಲ್ಲಿ ದಶಾಂಶ ಇಳಿಸುವ ಕ್ವಾಂಟೈಜ್ ತಾನಾಗಿ ಅರ್ಧವನ್ನು ಸಮ ಅಂಕಿಯ ಕಡೆಗೆ ವಾಲಿಸುತ್ತದೆ. ‘ರೌಂಡ್ ಹಾಫ್ ಅಪ್’ ಎಂದು ಬಾಯಿಬಿಟ್ಟು ಹೇಳಿದರಷ್ಟೇ ಮೇಲಕ್ಕೇರಿಸುತ್ತದೆ. ಗುಮಾಸ್ತರು ಇನ್ನೂ ಪುಸ್ತಕ ಬಿಟ್ಟಿಲ್ಲ.